ಯಾರ ಹೆಸರಿನ ಗುಂಡು?

1934ರ ಏಪ್ರಿಲ್ 22ರ ರಾತ್ರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಾಡಿನ ನಡುವೆ ‘ಲಿಟಲ್ ಬೊಹೀಮಿಯಾ’ ಎಂಬ ವಸತಿಗೃಹ. ಒಳಗೆ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರನ ಗುಂಪಿದೆ ಎಂಬ ಸುಳಿವು ಸಿಕ್ಕಿ ಕೇಂದ್ರ ತನಿಖಾ ವಿಭಾಗದವರು (ಮರುವರ್ಷ ಇದಕ್ಕೇ ಎಫ್‌ಬಿಐ ಎಂಬ ಹೆಸರು ಬಂತು) ಕತ್ತಲಲ್ಲಿ ಬಂದು ನಿಂತಿದ್ದರು. ಅಷ್ಟರಲ್ಲಿ ಮೂವರು ಗಿರಾಕಿಗಳು ಹೊರಬಂದು ಕಾರು ಹತ್ತಿದರು. ‘ನಿಲ್ಲಿ’ ಎಂದು ಇವರು ಕೂಗಿದರು. ಕಾರಿನಲ್ಲಿ ರೇಡಿಯೋ ಜೋರಾಗಿತ್ತು, ಅವರಿಗೆ ಕೇಳಿಸಲಿಲ್ಲ. ಗುಂಡು ಹಾರಿತು. ಯೂಜೀನ್ ಬ್ವಾನೋ ಸತ್ತ. ನಿರುದ್ಯೋಗಿಗಳಿಗೆಂದು ಸರ್ಕಾರವೇ ನಡೆಸುತ್ತಿದ್ದ ಅರಣ್ಯ ಕೆಲಸದ ಯೋಜನೆಯಲ್ಲಿದ್ದವನು. ಉಳಿದಿಬ್ಬರು ಗಾಯಗೊಂಡರು. ಸದ್ದು ಕೇಳಿದ ಡಿಲಿಂಜರ್ ಹಿಂಬದಿಯಿಂದ ಪಾರಾದ. ಅದೇ ರಾತ್ರಿ ‘ಬೇಬಿ ಫೇಸ್’ ನೆಲ್ಸನ್ ಎಂಬ ಪಾತಕಿ ಕಾರ್ಟರ್ ಬಾಮ್ ಎಂಬ ಅಧಿಕಾರಿಯನ್ನು ಕೊಂದ.

ಈ ಅಧಿಕಾರಿಗಳಲ್ಲಿ ಅನೇಕರು ಕಾನೂನು, ಲೆಕ್ಕಪತ್ರ ಓದಿ ಬಂದವರು. ಆವರೆಗೆ ಸಾಮಾನ್ಯವಾಗಿ ಬಂದೂಕು ಒಯ್ಯುವ, ಬಂಧಿಸುವ ಅಧಿಕಾರ ಕಾನೂನಿನಲ್ಲಿ ಅವರಿಗಿರಲಿಲ್ಲ. ಸ್ಥಳೀಯ ಪೊಲೀಸರನ್ನೇ ಕರೆಯಬೇಕಿತ್ತು. ಹಿಂದಿನ ವರ್ಷ ಜೂನ್ 17ರಂದು ಕಾನ್ಸಸ್ ಸಿಟಿಯ ರೈಲು ನಿಲ್ದಾಣದೆದುರು ಅವರಲ್ಲೊಬ್ಬ, ಮೂವರು ಪೊಲೀಸರು, ಜೊತೆಗೆ ಅವರು ಕರೆದೊಯ್ಯುತ್ತಿದ್ದ ಕೈದಿ ಫ್ರಾಂಕ್ ನ್ಯಾಶ್ ಸತ್ತಿದ್ದರು. ಅವರ ಭಯ ಸುಳ್ಳಲ್ಲ. ಬರಿಗೈಯಲ್ಲಿ ಹೋಗಿ ಎಂದು ಹೇಳುವಷ್ಟು ಧೈರ್ಯ ನನಗಂತೂ ಇಲ್ಲ.

ನನ್ನನ್ನು ಕಾಡುವುದು ಘಟನೆಗಳ ಸರದಿ. ಬ್ವಾನೋ ಸತ್ತು ಎರಡು ತಿಂಗಳೊಳಗೆ, ಜೂನ್‌ನಲ್ಲಿ, ಬಂದೂಕಿನ ಅಧಿಕಾರ ಕಾನೂನಾಯಿತು. ಅದೇ ತಿಂಗಳು ಖಾಸಗಿಯವರ ಮಷೀನ್ ಗನ್ನಿಗೆ 200 ಡಾಲರ್ ತೆರಿಗೆ ಬಿತ್ತು. ಮೊದಲ ಮಹಾಯುದ್ಧದ ಕಂದಕಗಳಿಗೆಂದು ರೂಪಿಸಿದ್ದ ಥಾಂಪ್ಸನ್ ಗನ್ನಿನ ಬೆಲೆಯೇ ಹೆಚ್ಚುಕಡಿಮೆ ಅಷ್ಟಿತ್ತು! ಬಂದೂಕು ಯಾರ ಕೈಯಲ್ಲಿರಬೇಕು ಎಂಬುದನ್ನು ಎರಡೂ ಕಾನೂನುಗಳು ತೀರ್ಮಾನಿಸಿದವು.

ಉದ್ದೇಶ ಬೇರೆಯಲ್ಲವೇ ಎಂದು ಕೇಳಬಹುದು. ಹೌದು, ಪಾತಕಿ ಹಣಕ್ಕಾಗಿ ಕೊಲ್ಲುತ್ತಾನೆ, ಅಧಿಕಾರಿ ಜನರ ರಕ್ಷಣೆಗಾಗಿ. ಆದರೆ ಈ ವಾದ ಅಧಿಕಾರಿಯ ಹೊರೆಯನ್ನು ಇಳಿಸುವುದಿಲ್ಲ, ಏರಿಸುತ್ತದೆ. ನೆಲ್ಸನ್ ಯಾರ ಪರವಾಗಿಯೂ ಗುಂಡು ಹಾರಿಸಲಿಲ್ಲ. ಅಧಿಕಾರಿಯ ಗುಂಡು ಎಲ್ಲರ ಹೆಸರಿನಲ್ಲಿ ಹಾರುತ್ತದೆ. ಅಂದರೆ ಆ ರಾತ್ರಿ ಬ್ವಾನೋನ ಹೆಸರಿನಲ್ಲೂ ಹಾರಿತು. ಇನ್ನು ‘ನಿಲ್ಲಿ’ ಎಂದಾಗ ನಿಲ್ಲದಿದ್ದುದೇ ಅಪರಾಧಕ್ಕೆ ಸಾಕ್ಷಿಯಾಯಿತಲ್ಲ, ಅದಕ್ಕೆ ಉದ್ದೇಶದ ಶುದ್ಧಿ ಉತ್ತರವಾಗಲಾರದು.

ಜುಲೈ 22ರಂದು ಶಿಕಾಗೋದ ಬಯೋಗ್ರಾಫ್ ಚಿತ್ರಮಂದಿರದ ಬಳಿ ಡಿಲಿಂಜರನನ್ನು ಕೊಂದರು. ಜಗತ್ತು ನೆನಪಿಟ್ಟುಕೊಂಡಿದ್ದು ಅದನ್ನು.

ಆ ಕಾಡಿನ ಕತ್ತಲಲ್ಲಿ, ಕಾನ್ಸಸ್ ಸಿಟಿಯ ಸುದ್ದಿ ತಲೆಯಲ್ಲಿಟ್ಟುಕೊಂಡು ನಾನು ನಿಂತಿದ್ದರೆ? ಬಹುಶಃ ನಾನೂ ಗುಂಡು ಹಾರಿಸುತ್ತಿದ್ದೆ. ಅಷ್ಟು ಒಪ್ಪಿಕೊಂಡ ಮೇಲೂ, ಆ ಕಾರಿನಿಂದ ಬದುಕಿ ಬಂದ ಇಬ್ಬರೆದುರು ಹೇಳಲು ನನ್ನ ಬಳಿ ಮಾತಿಲ್ಲ.