ಹಚ್ಚಿದ ಬಣ್ಣ, ಹುಟ್ಟಿದ ಬಣ್ಣ

ಹಳೇ ಕಾಲದ ಸಿನಿಮಾ ನಟಿಯರ ಚೆಲುವಿನ ಗುಟ್ಟುಗಳು ಅಂತ ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಹಾಲಿನ ಕೆನೆಗೆ ಕಡಲೆಹಿಟ್ಟು ಕಲಸಿ ಮುಖಕ್ಕೆ ಹಚ್ಚಬೇಕು. ಜೇನುತುಪ್ಪ, ಗಂಧ, ಕೇಸರಿ, ಬಾದಾಮಿ. ಕಣ್ಣಿನ ಮೇಲೆ ಸವತಿಕಾಯಿ ಬಿಲ್ಲೆ ಇಟ್ಟುಕೊಂಡು ಅರ್ಧ ತಾಸು ಮಲಗಬೇಕು. ಈ ಪಟ್ಟಿಯನ್ನು ಆಳಂದ ತಾಲೂಕಿನ ಮಟಕಿಗೆ ತಂದು ಯಾವುದಾದರೂ ಕೂಲಿ ಮನೆಯ ಮುಂದೆ ಓದಿ ನೋಡಿ. ಕಡಲೆಹಿಟ್ಟು ಇದ್ದರೆ ಅವತ್ತು ಜುಣಕ. ಕೆನೆಗಟ್ಟುವಷ್ಟು ಹಾಲಿದ್ದರೆ ಅದು ಮಾರಾಟಕ್ಕೆ. ಇನ್ನು ಹಗಲೊತ್ತು ಅರ್ಧ ತಾಸು ಮಲಗಿದರ ಕೂಲಿ ಯಾರ್ ಕೊಡ್ತಾರ? ಬ್ಯಾಸಗಿ ಬಿಸಿಲು ನಲವತ್ತು ಡಿಗ್ರಿ ದಾಟುವ ಸೀಮೆಯಲ್ಲಿ ದುಡಿಯುವ ಹೆಣ್ಣುಮಗಳ ಮುಖವನ್ನು ತಿದ್ದುವುದು ಬಿಸಿಲೇ, ಕೆನೆಯಲ್ಲ.

ಆದರೆ ಇಷ್ಟು ಹೇಳಿ ನಕ್ಕು ಮುಗಿಸುವ ಮಾತು ಇದಲ್ಲ. ಮಟಕಿಯಲ್ಲಾಗಲಿ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಾಗಲಿ, ಕಿರಾಣಿ ಅಂಗಡಿಯ ಬಾಗಿಲಿಗೆ ಶಾಂಪೂ ಚೀಟಿಗಳ ಜೋಡಿ ಮುಖದ ಕ್ರೀಮಿನ ಚೀಟಿಗಳೂ ತೋರಣದಂತೆ ನೇತಾಡುತ್ತವೆ. ಕೇರಿಯ ಹುಡುಗಿಯರು ಕೂಲಿ ದುಡ್ಡಿನಲ್ಲಿ ಅದನ್ನು ಕೊಳ್ಳುತ್ತಾರೆ. ಇದನ್ನು ಕಂಡರೆ ನಮ್ಮ ಸಂಘಟನೆಯ ಕೆಲವು ಗೆಳೆಯರಿಗೆ ಸಿಟ್ಟು. “ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂ” ಅಂತ ಗಾದೆ ಒಗೆಯುತ್ತಾರೆ. ಈ ಗಾದೆ ಕಟ್ಟಿದವರು ಯಾರು ಅಂತ ಅವರು ಕೇಳಿಕೊಂಡಿಲ್ಲ. ಹಸಿದವನಿಗೆ ಹೂವಿನ ಆಸೆ ಇರಬಾರದು ಅನ್ನುವುದು ಉಂಡವನ ತೀರ್ಪು. ಹಾಗಾದರೆ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದು ಸುಳ್ಳೇ? ಸುಳ್ಳಾದರೆ ಆ ಸುಳ್ಳನ್ನು ಹೇಳುತ್ತಿರುವವರು ಯಾರು, ಹಚ್ಚಿಕೊಂಡಾಕೆಯೋ, ಹಚ್ಚಿಸಿದವರೋ? ಇದನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ.

ಬಣ್ಣ ನಮಗೇನು ಹೊಸದಲ್ಲ. ಬಯಲಾಟದ ಮಂದಿ ಸಫೇದ, ಅರದಳ, ಇಂಗಳೀಕ, ಕಾಡಿಗೆಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಬಳಿದುಕೊಂಡು ರಾಜರಾದರು, ರಾಕ್ಷಸರಾದರು. ಗಂಡಸರೇ ಸೀರೆ ಉಟ್ಟು ದ್ರೌಪದಿಯಾದರು. ಅವೇನು ಸಾಧು ಬಣ್ಣಗಳಲ್ಲ. ಅರದಳದಲ್ಲಿ ಇರುವುದು ಶಂಖಪಾಷಾಣದ ಅಂಶ, ಇಂಗಳೀಕದಲ್ಲಿ ಪಾದರಸ. ವಿಷದ ಮಾತು ಹಾಗಿರಲಿ, ಆ ಬಣ್ಣದಲ್ಲಿ ಮೋಸ ಇರಲಿಲ್ಲ. ನೋಡುವವರಿಗೂ ಗೊತ್ತು, ಆಡುವವರಿಗೂ ಗೊತ್ತು, ಇದು ಹಚ್ಚಿದ ಬಣ್ಣ. ಬೆಳಕು ಹರಿದ ಮೇಲೆ ಎಣ್ಣೆ ಹಚ್ಚಿ ಒರೆಸಿಕೊಂಡು ದುರ್ಯೋಧನ ಎತ್ತಿಗೆ ಮೇವು ಹಾಕಲು ಹೋಗುತ್ತಿದ್ದ. ಯಾರೂ ಅವನನ್ನು ಸುಳ್ಳುಗಾರ ಅನ್ನಲಿಲ್ಲ.

ಸಿನಿಮಾದ ಬಣ್ಣ ಬೇರೆ ಜಾತಿಯದು. ಅದು ಬಣ್ಣ ಅಂತ ಒಪ್ಪಿಕೊಳ್ಳುವುದಿಲ್ಲ, ತೊಗಲು ಅಂತ ಹೇಳಿಕೊಳ್ಳುತ್ತದೆ. ಮೂಕಿ ಚಿತ್ರಗಳ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಛಾಯೆಯ ತೊಗಲು ಪರದೆಯ ಮೇಲೆ ಕಪ್ಪಾಗಿ ಬೀಳುತ್ತಿತ್ತು. ಅದಕ್ಕೇ ಮುಖಕ್ಕೆ ಸುಣ್ಣದಂತೆ ಬಿಳಿ ಬಳಿಯುವ ರೂಢಿ ಬಂತು. ಮುಂದೆ ಎಲ್ಲ ಬಣ್ಣ ಗ್ರಹಿಸುವ ಫಿಲ್ಮು ಬಂದಮೇಲೆ, ಬಣ್ಣದ ಚಿತ್ರಗಳಿಗಾಗಿ ೧೯೩೭-೩೮ರಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ‘ಪ್ಯಾನ್-ಕೇಕ್’ ತಂದಿತು. ಬಿಲ್ಲೆಯಂಥ ಪುಡಿಯನ್ನು ಒದ್ದೆ ಸ್ಪಂಜಿನಿಂದ ಒರೆಸಿದರೆ ಕಲೆ, ಗೆರೆ, ರಂಧ್ರ ಎಲ್ಲ ಮುಚ್ಚಿ ಮುಖ ಒಂದೇ ಸಮನಾಗುತ್ತಿತ್ತು. ಅದು ಸಾಲದಿದ್ದರೆ ಕ್ಯಾಮೆರಾದ ಗಾಜಿನ ಮುಂದೆ ವ್ಯಾಸಲೀನು ಸವರುವುದು, ತೆಳ್ಳನೆ ಜಾಳಿಗೆ ಬಟ್ಟೆ ಕಟ್ಟುವುದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದದ್ದು ೧೯೩೪ರಲ್ಲಿ, ಪೂರ್ತಿ ಬಣ್ಣದ ಮೊದಲ ಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ೧೯೬೪ರಲ್ಲಿ. ನಡುವಿನ ಮೂವತ್ತು ವರ್ಷ ನಾವು ನೋಡಿದ ‘ಹಾಲುಬಣ್ಣದ’ ನಾಯಕಿಯರೆಲ್ಲ ಬೂದುಬಣ್ಣದ ಒಂದು ಛಾಯೆ ಮಾತ್ರ.

ಬಣ್ಣದ ಫೋಟೋದ ಕಥೆ ಇನ್ನೂ ಮಜಾ ಅದ. ಫೋಟೋ ತೊಳೆಯುವ ಕಡೆಗಳಲ್ಲಿ ಬಣ್ಣ ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಕೊಡಕ್ ಕಂಪನಿ ಒಂದು ಬಿಳಿ ಹೆಂಗಸಿನ ಚಿತ್ರ ಕಳಿಸುತ್ತಿತ್ತು. ಆ ಮುಖ ಸರಿ ಬಂದರೆ ಎಲ್ಲ ಸರಿ. ಕರಿಯ ಮಂದಿಯ ಮುಖ ಕತ್ತಲಲ್ಲಿ ಮುಳುಗಿದರೆ ಅದು ಆ ಮುಖದ ತಪ್ಪು! ಕಂದು ಬಣ್ಣದ ಛಾಯೆಗಳು ಸರಿಯಾಗಿ ಮೂಡುತ್ತಿಲ್ಲ ಅಂತ ಚಾಕಲೇಟು ಮಾರುವವರು, ಕಟ್ಟಿಗೆ ಸಾಮಾನು ಮಾರುವವರು ತಕರಾರು ತೆಗೆದ ಮೇಲೆ ಕಂಪನಿಗೆ ಕಣ್ಣು ತೆರೆಯಿತು. ಮನುಷ್ಯರ ಮುಖಕ್ಕೆ ಕೇಳಿಸದ ಕಿವಿ ಮೇಜಿಗೆ, ಕುರ್ಚಿಗೆ ಕೇಳಿಸಿತು.

ಈ ಎಲ್ಲದರ ನಡುವೆ ನಟಿ ಅನ್ನುವಾಕೆ ಯಾರು? ಧಾರವಾಡದಲ್ಲಿ ೧೯೦೯ರಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ಅವರನ್ನು ನೋಡೋಣ. ಮರಾಠಿ ಮನೆಮಾತಿನವರು, ಬಿ.ಎ. ಓದಿದವರು. ೧೯೩೯ರ ‘ಕಂಗನ್’ ಚಿತ್ರದಲ್ಲಿ ಅಶೋಕ್ ಕುಮಾರ್ ಜೊತೆ ನಟಿಸಿ ಹೆಸರಾದರು. ೧೯೪೧ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿಗೆ ಬಂದ ಮೊದಲ ಭಾರತೀಯ ನಟಿ ಅವರೇ. ಆ ಜಾಹೀರಾತಿನ ಹೂರಣ ಏನು? ಈ ಚೆಲುವು ಸಾಬೂನಿನದು, ಸಾಬೂನು ನಿಮ್ಮೂರ ಅಂಗಡಿಯಲ್ಲಿದೆ. ಬಣ್ಣ ಬಳಿದವನು, ದೀಪ ಹಿಡಿದವನು, ಫಿಲ್ಮು ತೊಳೆದವನು, ಇವರೆಲ್ಲ ಮಾಯ! ಇಷ್ಟು ಜನರ ದುಡಿಮೆಯನ್ನು ಅಳಿಸಿ ಒಂದು ಬಿಲ್ಲೆ ಸಾಬೂನಿಗೆ ಕಟ್ಟಿದ್ದು, ನಮ್ಮ ದೃಷ್ಟಿಯಲ್ಲಿ, ನಿಜವಾದ ಸುಳ್ಳು. ಅದನ್ನು ಕಟ್ಟಿದ್ದು ಲೀಲಾಬಾಯಿ ಅಲ್ಲ. ಏಳೇ ವರ್ಷ ಕಳೆದು, ೧೯೪೮ರ ‘ಶಹೀದ್’ನಲ್ಲಿ ಅವರು ದಿಲೀಪ್ ಕುಮಾರನ ತಾಯಿ, ೧೯೫೧ರ ‘ಆವಾರಾ’ದಲ್ಲಿ ರಾಜ್ ಕಪೂರನ ತಾಯಿ. ಅವರಿಗಿಂತ ಎರಡೇ ವರ್ಷ ಸಣ್ಣವನಾದ ಅಶೋಕ್ ಕುಮಾರ್ ೧೯೫೮ರ ‘ಹೌರಾ ಬ್ರಿಡ್ಜ್’ನಲ್ಲಿ ಇನ್ನೂ ನಾಯಕ. ಮುಖ ಹೆಣ್ಣಿನದಾದರೂ ಅದರ ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿತ್ತು. ಮುಪ್ಪು ಬಾರದಂತೆ ಮಾಡುವ ಗುಟ್ಟು ಇದ್ದದ್ದೇ ಆದರೆ, ಅದು ಗಂಡಸಾಗಿ ಹುಟ್ಟುವುದು.

ಇನ್ನೊಂದು ಸಂಗತಿ. ಮುಂಬೈ ಚಿತ್ರರಂಗದಲ್ಲಿ ಮೇಕಪ್ ಮಾಡುವ ಕೆಲಸ ಗಂಡಸರಿಗೇ ಮೀಸಲಾಗಿತ್ತು. ಹೆಂಗಸರಿಗೆ ತಲೆ ಬಾಚಲಷ್ಟೇ ಕಾರ್ಡು ಕೊಡುತ್ತಿದ್ದರು. ಚಾರು ಖುರಾನಾ ಎಂಬಾಕೆ ಸುಪ್ರೀಂ ಕೋರ್ಟಿಗೆ ಹೋಗಿ, ೨೦೧೪ರ ನವೆಂಬರಿನಲ್ಲಿ ಆ ಕಟ್ಟಳೆ ರದ್ದಾಯಿತು. ಅಲ್ಲಿಯವರೆಗೆ ಹೆಣ್ಣಿನ ಮುಖ ಹೆಂಗಿರಬೇಕು ಅನ್ನುವುದನ್ನು ನಿಯಮದ ಪ್ರಕಾರವೇ ಗಂಡಸಿನ ಕೈ ನಿರ್ಧರಿಸುತ್ತಿತ್ತು.

ಬಣ್ಣದ ಬೆಲೆ ಇಷ್ಟಕ್ಕೇ ನಿಲ್ಲುವುದಿಲ್ಲ. ೧೯೧೧ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಿಶ್ರ ಮೂಲದ ಬಡ ಹುಡುಗಿಯೊಬ್ಬಳು ಮರ್ಲ್ ಓಬೆರಾನ್ ಎಂಬ ಹೆಸರಿನಲ್ಲಿ ಹಾಲಿವುಡ್ಡಿನ ತಾರೆಯಾದಳು. ‘ದಿ ಡಾರ್ಕ್ ಏಂಜೆಲ್’ ಚಿತ್ರಕ್ಕೆ ಆಸ್ಕರ್ ಸ್ಪರ್ಧೆಯವರೆಗೂ ಹೋದಳು. ಆಕೆ ಹುಟ್ಟಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಅಂತ ಕಥೆ ಕಟ್ಟಲಾಯಿತು. ಬಿಳಿಯಾಗಿ ಕಾಣಲು ಲೇಪ ಬಳಿದರು. ೧೯೩೭ರ ಕಾರು ಅಪಘಾತದ ಕಲೆ ಕಾಣದಿರಲಿ ಅಂತ ಕ್ಯಾಮೆರಾಮನ್ ಲೂಸಿಯನ್ ಬ್ಯಾಲಾರ್ಡ್ ಕ್ಯಾಮೆರಾದ ಪಕ್ಕದಲ್ಲೇ ಇಡುವ ಒಂದು ಸಣ್ಣ ದೀಪವನ್ನೇ ರೂಪಿಸಿದ. ಅದಕ್ಕೆ ಇವತ್ತಿಗೂ ಆಕೆಯ ಹೆಸರಿನ ತುಣುಕೇ ಹೆಸರು, ‘ಓಬಿ’. ಆದರೆ ಸಾಕಿ ಬೆಳೆಸಿದ ತಾಯಿ ಶಾರ್ಲೆಟ್‌ಳ ಕಂದು ಮುಖಕ್ಕೆ ಯಾವ ದೀಪವೂ ಇರಲಿಲ್ಲ. ಮನೆಗೆ ಬಂದವರ ಮುಂದೆ ಆಕೆಯನ್ನು ಆಳಿನವಳೆಂದು ತೋರಿಸಬೇಕಾಯಿತು ಎಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಆಕೆ ಸತ್ತ ಮೇಲೆ ಬರೆಸಿದ ಚಿತ್ರದಲ್ಲಿ ತೊಗಲನ್ನು ತಿಳಿ ಮಾಡಿಸಿದರಂತೆ. ಮರ್ಲ್‌ಳನ್ನು ಬೈಯಲು ನಮಗೆ ನಾಲಗೆ ಏಳುವುದಿಲ್ಲ. ನಿಜ ಹೇಳಿದ್ದರೆ ಆ ಕಾಲದ ಹಾಲಿವುಡ್ಡು ಅವಳಿಗೆ ನಾಯಕಿಯ ಪಾತ್ರ ಕೊಡುತ್ತಿರಲಿಲ್ಲ. ನೌಕರಿಗೆ ಹೋದ ಊರಲ್ಲಿ ಬಾಡಿಗೆ ಮನೆಗಾಗಿ ಜಾತಿ ಮುಚ್ಚಿಟ್ಟು, ಹಳ್ಳಿಯಿಂದ ಅವ್ವ ಬಂದರೆ ಬೆವರುವ ನಮ್ಮ ಓದಿದ ಹುಡುಗರಿಗೆ ಈ ಕಥೆ ಹೊರಗಿನದು ಅನ್ನಿಸಲಿಕ್ಕಿಲ್ಲ.

ಅವಳಿಗೆ ಎದುರಾಗಿ ಇನ್ನೊಬ್ಬಳನ್ನು ನಿಲ್ಲಿಸಬೇಕು. ೧೯೩೦ರ ಸುಮಾರಿಗೆ ತಿರುವನಂತಪುರದಲ್ಲಿ ತೆರೆಕಂಡ ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ನ ನಾಯಕಿ ಪಿ.ಕೆ. ರೋಸಿ. ದಲಿತ ಹೆಣ್ಣುಮಗಳು. ನಿರ್ದೇಶಕ ಜೆ.ಸಿ. ಡೇನಿಯಲ್ ಆಕೆಗೆ ಕೊಟ್ಟದ್ದು ನಾಯರ್ ಹೆಂಗಸಿನ ಪಾತ್ರ. ಆಕೆ ಏನನ್ನೂ ಮುಚ್ಚಿಡಲಿಲ್ಲ. ಬಯಲಾಟದವರು ಹಚ್ಚಿದಂತೆ ಎಲ್ಲರಿಗೂ ಗೊತ್ತಿರುವ ಬಣ್ಣ ಹಚ್ಚಿದಳು. ಆದರೆ ಮೇಲ್ಜಾತಿಯವರಿಗೆ ಅದು ಬಣ್ಣವಾಗಿ ಕಾಣಲಿಲ್ಲ. ಹೊಲೆಯರ ಹೆಣ್ಣು ನಮ್ಮ ಹೆಣ್ಣಿನ ವೇಷ ತೊಡುವುದೆಂದರೇನು ಅಂತ ಕಲ್ಲು ತೂರಿದರು. ರೋಸಿ ಊರು ಬಿಟ್ಟು ತಮಿಳುನಾಡಿನ ಕಡೆ ಓಡಿಹೋಗಿ ಉಳಿದ ಬದುಕನ್ನು ಅಜ್ಞಾತಳಾಗಿ ಕಳೆದಳು. ಆ ಚಿತ್ರದ ಪ್ರತಿಯೂ ಉಳಿದಿಲ್ಲ. ಕುಲ ಮುಚ್ಚಿಟ್ಟ ಬಣ್ಣಕ್ಕೆ ಹಾರ ಬಿತ್ತು, ಮುಚ್ಚಿಡದ ಬಣ್ಣಕ್ಕೆ ಕಲ್ಲು ಬಿತ್ತು. ಯಾವುದು ಸುಳ್ಳು, ಹೇಳ್ರಿ?

ಸಿಂಗಾರವನ್ನು ಕಂಡರೆ ಸಿಟ್ಟಾಗುವ ನಮ್ಮ ಗೆಳೆಯರು ಒಂದು ಸಲ ‘ಜಾತಿ ವಿನಾಶ’ವನ್ನು ತೆರೆಯಬೇಕು. ಇಂದೋರ್ ಸೀಮೆಯ ಹಳ್ಳಿಗಳಲ್ಲಿ ೧೯೨೮ರ ಹೊತ್ತಿಗೆ ಸವರ್ಣೀಯರು ಬಲಾಯಿ ಜಾತಿಯವರ ಮೇಲೆ ಹೇರಿದ ಕಟ್ಟಳೆಗಳನ್ನು ಬಾಬಾಸಾಹೇಬರು ಅದರಲ್ಲಿ ಕೊಟ್ಟಿದ್ದಾರೆ. ಬಲಾಯಿ ಹೆಂಗಸರು ಬಂಗಾರ, ಬೆಳ್ಳಿ ಇಟ್ಟುಕೊಳ್ಳಬಾರದು, ಚೆಂದದ ಕುಪ್ಪಸ ತೊಡಬಾರದು ಅನ್ನುವುದು ಅವುಗಳಲ್ಲಿ ಸೇರಿತ್ತು. ಬೆಡಗು ಅನ್ನುವುದು ಬರೇ ಶೋಕಿ ಆಗಿದ್ದರೆ ಅದಕ್ಕೆ ನಿಷೇಧ ಯಾಕೆ ಬೇಕಾಗಿತ್ತು? ೧೯೨೭ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಹೆಣ್ಣುಮಕ್ಕಳ ಮುಂದೆ ಮಾತಾಡುತ್ತ ಬಾಬಾಸಾಹೇಬರು ಸೀರೆ ಉಡುವ ರೀತಿಯನ್ನು, ಮೈಮೇಲಿನ ಒಡವೆಯನ್ನು ಮಾತಿಗೆ ಎತ್ತಿಕೊಂಡರು. ಅಸ್ಪೃಶ್ಯರು ಅಂತ ದೂರದಿಂದಲೇ ಗುರುತು ಹೇಳುವ ಉಡುಗೆಯನ್ನು, ಮೊಣಕೈತನಕ ಏರಿಸುವ ಒಡವೆಗಳನ್ನು ಬಿಡಿರಿ ಅಂದರು. ಹೆಣ್ಣುಮಕ್ಕಳನ್ನು ಓದಿಸಿರಿ ಅಂದರು. ಸಿಂಗಾರ ಅವರಿಗೆ ಸಣ್ಣ ವಿಷಯ ಆಗಿರಲಿಲ್ಲ. ಕೇರಿಯ ಹುಡುಗಿ ಜಾತ್ರೆಗೆ ಪೌಡರ್ ಹಚ್ಚಿಕೊಂಡು, ಹೂ ಮುಡಿದು, ಊರ ನಡುವಿನ ದಾರಿಯಲ್ಲಿ ತಲೆ ಎತ್ತಿ ನಡೆದರೆ ಅದರಲ್ಲಿ ಒಂದು ಹಳೇ ಕಟ್ಟಳೆ ಮುರಿಯುತ್ತದೆ.

ಆದರೆ ಅದೇ ಹುಡುಗಿ ಬೆಳ್ಳಗಾಗುವ ಕ್ರೀಮು ಹಚ್ಚಿದಾಗ? ಅಲ್ಲಿ ನಮಗೆ ತಕರಾರಿದೆ, ಅವಳ ಮೇಲಲ್ಲ. ಹೂವು ಅವಳಿಗೆ ಏನನ್ನೋ ಸೇರಿಸುತ್ತದೆ. ಈ ಕ್ರೀಮು ಅವಳಿಂದ ಏನನ್ನೋ ಕಳೆಯುತ್ತೇನೆ ಅನ್ನುತ್ತದೆ. ಕಳೆಯುವುದು ಅವಳ ಅವ್ವನ ಬಣ್ಣವನ್ನು. ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗೆ ಬಂದದ್ದು ೧೯೭೫ರಲ್ಲಿ. ಅಮೆರಿಕದಲ್ಲಿ ಕರಿಯರ ಹೋರಾಟ ಎದ್ದ ೨೦೨೦ರಲ್ಲಿ ಹೆಸರಿನ ‘ಫೇರ್’ ಹೋಗಿ ‘ಗ್ಲೋ’ ಬಂತು. ಹೆಸರು ಬದಲಾದರೂ ಕನ್ಯಾ ನೋಡಲು ಬಂದವರ ಮಾತು ಬದಲಾಗಿಲ್ಲ: “ಹುಡುಗಿ ಕರ್ರಗ ಅದಾಳ, ಮತ್ತ ಕೊಡೋದು ಬಿಡೋದು ನೀವೇ ವಿಚಾರ ಮಾಡ್ರಿ.” ಕಪ್ಪು ಬಣ್ಣಕ್ಕೆ ವರದಕ್ಷಿಣೆಯಲ್ಲಿ ದಂಡ ಹಾಕುವ ಸಮಾಜ ಇರುವತನಕ ಚೀಟಿ ಕೊಂಡ ಹುಡುಗಿಯನ್ನು ಮಳ್ಳಿ ಅನ್ನುವಂತಿಲ್ಲ. ಅಗ್ಗದ, ಹೆಸರು ವಿಳಾಸ ಇಲ್ಲದ ಕ್ರೀಮುಗಳಲ್ಲಿ ಪಾದರಸ ಸೇರಿಸುವುದೂ ಉಂಟು. ೨೦೨೩ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಅಂಥ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ರೋಗ ಗುರುತಿಸಿದರು. ಚೀಟಿಯ ಹಿಂದಿನ ಸಣ್ಣಕ್ಷರ ಓದುವುದನ್ನು ಶಾಲೆಯಲ್ಲಿ ಕಲಿಸಿದರೆ ನಷ್ಟವೇನಿಲ್ಲ.

ಶಾಲೆಯ ಮಾತು ಬಂದ ಮೇಲೆ, ಈ ಪತ್ರಿಕೆ ಓದುವ ಮಾಸ್ತರರಿಗೆ ಒಂದು ಪ್ರಶ್ನೆ. ಗ್ಯಾದರಿಂಗಿನಲ್ಲಿ ರಾಣಿ ಪಾತ್ರಕ್ಕೆ ಬೆಳ್ಳಗಿನ ಹುಡುಗಿ, ದಾಸಿ ಪಾತ್ರಕ್ಕೆ ಕರ್ರಗಿನಾಕಿ ಅಂತ ನಿಮ್ಮಲ್ಲಿ ಯಾರು ತೀರ್ಮಾನಿಸುತ್ತಾರೆ? ಚಿತ್ರದುರ್ಗದ ಓಬವ್ವ ಛಲವಾದಿ ಕುಲದ ಹೆಣ್ಣುಮಗಳು. ೧೯೭೨ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಆ ಪಾತ್ರ ಮಾಡಿದ ಮೇಲೆ ಊರೂರ ಶಾಲೆಯ ಸ್ಟೇಜುಗಳಲ್ಲೂ ಒನಕೆ ಎದ್ದು ನಿಂತಿತು. ಈಗಲೂ ಓಬವ್ವನಾಗುವ ಹುಡುಗಿಗೆ ಮೊದಲು ಮುಖಕ್ಕೆ ಬಿಳಿ ಪೌಡರು, ಗಲ್ಲಕ್ಕೆ ಕೆಂಪು, ಆಮೇಲೆ ಕೈಗೆ ಒನಕೆ. “ಸರ, ಓಬವ್ವ ಬೆಳ್ಳಗಿದ್ದಳೇನ್ರಿ?” ಅಂತ ಅವಳು ಕನ್ನಡಿ ನೋಡುತ್ತ ಕೇಳಿದರೆ ಏನು ಹೇಳುತ್ತೀರಿ? ಹೇಳುವಾಗ ಒಮ್ಮೆ ಹೊರಗೂ ನೋಡಿರಿ. ಹೊಲದಿಂದ ನೆಟ್ಟಗೆ ಬಂದ ಅವಳ ಅವ್ವ ಸ್ಟೇಜಿನ ಮುಂದೆ ನೆಲದ ಮೇಲೆ ಕುಂತಿರುತ್ತಾಳೆ, ಪರದೆ ಎದ್ದ ಕೂಡಲೇ ಮಗಳ ಮುಖ ಹುಡುಕಲು.