ಮಕ್ಕಳಿಂದ ಕಲಿತ ವಿನಯ

ಮಕ್ಕಳು ವಿನಯವಂತರಾಗಬೇಕೆಂದು ಬಯಸದ ತಂದೆತಾಯಿಗಳಿಲ್ಲ. ಹಿರಿಯರಿಗೆ ಶರಣು ಮಾಡಬೇಕು, ಎದುರು ಮಾತನಾಡಬಾರದು, ತಪ್ಪಾದರೆ ಒಪ್ಪಿಕೊಳ್ಳಬೇಕು ಎಂದು ದಿನಬೆಳಗಾದರೆ ನಾವು ಅವರಿಗೆ ಬೋಧಿಸುತ್ತೇವೆ. ಆದರೆ ಈ ಗುಣವನ್ನು ನಾವು ಯಾರಿಂದ ಕಲಿಯಬೇಕು? ಮನೆಯ ಯಜಮಾನನಿಗೆ ಬುದ್ಧಿ ಹೇಳುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ಇದ್ದರೆ ಅದು ಅವನ ಮಕ್ಕಳೇ.

ಸುಮಾರು ನಾಲ್ವತ್ತು ವರ್ಷಗಳ ಹಿಂದಿನ ಮಾತು. ಬೈಲಹೊಂಗಲ ತಾಲೂಕಿನ ಹಳ್ಳಿಯೊಂದರಲ್ಲಿ ನಾನು ಶಿಕ್ಷಕನಾಗಿದ್ದೆ. ಮಠದ ಪ್ರಸಾದ ನಿಲಯದಲ್ಲಿ ಬೆಳೆದವನಾದುದರಿಂದ ಪೂಜೆ, ವಚನಪಾರಾಯಣಗಳು ತಪ್ಪಿರಲಿಲ್ಲ. ಸುಗ್ಗಿಯ ಕಾಲ, ಜೋಳ ಕೊಯ್ಯುವ ಆಳುಗಳ ಕೂಲಿಗೆಂದು ತೆಗೆದಿಟ್ಟಿದ್ದ ನೂರು ರೂಪಾಯಿ ಕಾಣದಾಯಿತು. ಹತ್ತು ವರ್ಷದ ಮಗನನ್ನು ಕರೆದು ಕೇಳಿದೆ. “ನಾ ತಗೊಂಡಿಲ್ಲಪ್ಪಾ” ಎಂದ. ನಾನು ನಂಬಲಿಲ್ಲ, ಹೊಡೆದೆ. ಮುಂದಿನ ಸೋಮವಾರ, ಆ ದಿನ ಮಾತ್ರ ತೆಗೆಯುತ್ತಿದ್ದ ವಚನದ ಪುಸ್ತಕದೊಳಗೆ ಆ ನೋಟು ಸಿಕ್ಕಿತು. ಇಟ್ಟವನು ನಾನೇ!

ತಪ್ಪಾಯಿತೆಂದು ಮಗನಿಗೆ ಹೇಳಿದೆನೇ? ಇಲ್ಲ. ಪೇಟೆಯಿಂದ ಪೇಡೆ ತಂದುಕೊಟ್ಟೆ. ಅವನು ಅದನ್ನು ತಂಗಿಗೆ ಕೊಟ್ಟು ಹೊರಗೆ ಹೋದ.

ಆಗ ಹರಿಹರ ಕವಿಯ ‘ಕೋಳೂರು ಕೊಡಗೂಸಿನ ರಗಳೆ’ ನೆನಪಾಯಿತು. ತಂದೆ ಪರಊರಿಗೆ ಹೋಗುವಾಗ ಶಿವನಿಗೆ ಹಾಲಿಡುವ ಕೆಲಸವನ್ನು ಎಳೆಯ ಮಗಳಿಗೆ ಒಪ್ಪಿಸುತ್ತಾನೆ. ದೇವರು ಕುಡಿಯುತ್ತಾನೆಂದೇ ನಂಬಿದ ಮುಗ್ಧೆ ಅತ್ತು ಕರೆದು ಕಡೆಗೂ ಕುಡಿಸುತ್ತಾಳೆ. ತಿರುಗಿ ಬಂದ ತಂದೆ ಇದನ್ನು ನಂಬುವುದಿಲ್ಲ. ಹಾಲನ್ನು ಮಗಳೇ ಕುಡಿದಳೆಂದು ಸಿಟ್ಟಾಗುತ್ತಾನೆ. ಅಂಜಿ ಓಡಿದ ಕೂಸನ್ನು ಶಿವನು ತನ್ನೊಳಗೆ ಸೇರಿಸಿಕೊಳ್ಳುತ್ತಾನೆ. ಹಿಡಿಯಹೋದ ತಂದೆಯ ಕೈಯಲ್ಲಿ ಉಳಿದುದು ಅವಳ ಕೂದಲು ಮಾತ್ರ. ನಿತ್ಯವೂ ಪೂಜಿಸುತ್ತಿದ್ದ ತಂದೆಗೆ ಕಾಣದ ಶಿವ ಮಗಳಿಗೆ ಕಂಡಿದ್ದ! ಆ ತಂದೆಯ ಕೊರತೆ ಭಕ್ತಿಯದಲ್ಲ. ಸಣ್ಣವರ ಮಾತು ಸತ್ಯವಾಗಿರಬಹುದೆಂಬ ವಿನಯದ್ದು. ನನ್ನ ಕೊರತೆಯೂ ಅದೇ ಆಗಿದ್ದಿತು.

ಆ ವರ್ಷ ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಮಗನನ್ನು ಕರೆದುಕೊಂಡು ಚಕ್ಕಡಿಯಲ್ಲಿ ಹೊರಟೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯೊಳಗಿನ ಗಂಗಾಂಬಿಕೆಯ ಐಕ್ಯಸ್ಥಳಕ್ಕೆ ನಮಿಸಿ ಕಿತ್ತೂರಿನ ಹಾದಿ ಹಿಡಿದೆವು. ಹಿಂದೆ ಮುಂದೆ ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಚಕ್ಕಡಿಗಳು. ಉಳವಿಯ ಚನ್ನಬಸವಣ್ಣನವರ ಕಥೆಯನ್ನು ಮಗನಿಗೆ ಹೇಳುತ್ತಿದ್ದೆ: ಅವರು ಅಕ್ಕನಾಗಮ್ಮನ ಮಗ, ಬಸವಣ್ಣನವರಿಗೆ ಸೋದರಳಿಯ, ಆದರೂ ಅವರಿಂದ ತಾನು ಅರಿತೆನೆಂದು ಬಸವಣ್ಣನವರೇ ವಚನಗಳಲ್ಲಿ ಹೇಳಿಕೊಂಡಿದ್ದಾರೆ. ಮಗ ಕೇಳಿದ: “ದೊಡ್ಡಾವ್ರು ಸಣ್ಣಾವ್ರಿಗೆ ಹಂಗ ಹೇಳ್ತಾರೇನಪ್ಪಾ?”

ಅವನ ಪ್ರಶ್ನೆಯಲ್ಲಿ ಚುಚ್ಚುಮಾತಿರಲಿಲ್ಲ. ಆದರೂ ನನ್ನ ಗಂಟಲು ಕಟ್ಟಿತು. “ಅವತ್ತ ನಂದ ತಪ್ಪಾತೋ ತಮ್ಮಾ. ರೊಕ್ಕ ನನ್ನ ಪುಸ್ತಕದಾಗ ಇತ್ತು” ಎಂದೆ. ಅವನು ಎತ್ತುಗಳನ್ನೇ ನೋಡುತ್ತ, “ಗೊತ್ತೈತಿ. ನೀ ಹೇಳ್ತೀ ಅಂತ ಕಾಯ್ತಿದ್ದೆ” ಎಂದ.

ಅಷ್ಟು ದಿನವೂ ಆ ಕೂಸು ನನ್ನ ದೋಷವನ್ನು ಬಲ್ಲದು. ಯಾರ ಮುಂದೆಯೂ ಆಡಿರಲಿಲ್ಲ. ವಿನಯವನ್ನು ಬೋಧಿಸಿದವನು ನಾನು. ನಡೆಸಿ ತೋರಿಸಿದವನು ಅವನು.

ತಪ್ಪೊಪ್ಪಿಕೊಂಡರೆ ಮಕ್ಕಳು ತಲೆಯೇರುವರೆಂದು ಕೆಲವರು ಹೇಳುತ್ತಾರೆ. ಶಿಸ್ತು ಬೇಡವೆಂದು ನಾನೂ ಹೇಳುವುದಿಲ್ಲ. ತಪ್ಪನ್ನು ತಿದ್ದಬೇಕಾದುದು ತಂದೆತಾಯಿಗಳ ಧರ್ಮ. ಆದರೆ ತನ್ನನ್ನು ತಿದ್ದಿಕೊಳ್ಳಲಾರದ ಹಿರಿತನ ಮಕ್ಕಳಲ್ಲಿ ಅಂಜಿಕೆ ಹುಟ್ಟಿಸೀತು, ಗೌರವವನ್ನಲ್ಲ. ಅಂಜಿಕೆ ಸುಳ್ಳನ್ನು ಕಲಿಸುತ್ತದೆ. ತಮ್ಮಲ್ಲಿ ದೊಡ್ಡವರಾರೆಂದು ವಿಚಾರಿಸಿದ ಶಿಷ್ಯರ ನಡುವೆ ಯೇಸು ಒಂದು ಮಗುವನ್ನು ನಿಲ್ಲಿಸಿದನೆಂದು ಬೈಬಲಿನಲ್ಲಿಯೂ ಇದೆ. ಧರ್ಮ ಯಾವುದಾದರೇನು, ಹಿರಿಯರ ಅಹಂಕಾರಕ್ಕೆ ಮದ್ದು ಒಂದೇ.

ಕೋಳೂರಿನ ತಂದೆಗೆ ತಪ್ಪು ತಿಳಿಯುವ ಹೊತ್ತಿಗೆ ಮಗಳು ಇರಲಿಲ್ಲ. ನನ್ನ ಮಗ ಚಕ್ಕಡಿಯಲ್ಲಿ ನನ್ನ ಮಗ್ಗುಲಲ್ಲೇ ಕುಳಿತಿದ್ದ. ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಇಂಥ ಒಂದು ಮಾತಿಗಾಗಿ ಮಗುವೊಂದು ಕಾಯುತ್ತಿದ್ದರೆ ತಡಮಾಡಬೇಡಿರಿ. ಇಂದಿನ ಪೂಜೆಗೆ ಕೂಡುವ ಮೊದಲು ಅದನ್ನು ಹೇಳಿಬಿಡಿರಿ.