ದುಡಿಯುವ ಮೈ, ತೋರುವ ಮೈ

2021ರ ಸೆಪ್ಟೆಂಬರಿನಲ್ಲಿ ‘ಗಾಡ್ ಆಫ್ ವಾರ್ ರಾಗ್ನರಾಕ್’ ಎಂಬ ವಿಡಿಯೋ ಗೇಮಿನ ಥಾರ್‌ನ ಚಿತ್ರ ಹೊರಬಂದಾಗ ಗೇಮ್ ಆಡುವವರ ನಡುವೆ ದೊಡ್ಡ ತಕರಾರು ಎದ್ದಿತು. ಉತ್ತರ ಯುರೋಪಿನ ಪುರಾಣಗಳ ಈ ಸಿಡಿಲ ದೇವರಿಗೆ ಅಲ್ಲಿ ಮುಂದೆ ಬಂದ ಹೊಟ್ಟೆ, ದಪ್ಪ ತೋಳು, ಅಗಲವಾದ ಸೊಂಟ. ಸಿನಿಮಾದ ಥಾರ್‌ನ ಕಡೆದಿಟ್ಟ ಮೈಗೆ ಒಗ್ಗಿಹೋಗಿದ್ದ ಹಲವರಿಗೆ ಇದು ಅವಮಾನವೆನಿಸಿತು. ಭಾರ ಎತ್ತುವವರನ್ನು ಹತ್ತಿರದಿಂದ ಬಲ್ಲವರು ಮಾತ್ರ, ಬಲಶಾಲಿಗಳ ಮೈ ಇರುವುದೇ ಹೀಗೆ ಎಂದರು. ನಾನು ಇವರ ಪಕ್ಷ. ಆದರೆ ಒಂದು ಮಾತು ಸೇರಿಸಬೇಕು: ಆ ಥಾರ್ ಆಟದ ನಾಯಕನಲ್ಲ, ಎದುರಾಳಿ. ಆಟಗಾರ ನಡೆಸುವ ನಾಯಕ ಕ್ರೇಟೋಸ್‌ನ ಮೈ ಕಡೆದಿಟ್ಟಂತೆಯೇ ಉಳಿಯಿತು. ನಿಜದ ಮೈಗೆ ಬಾಗಿಲು ತೆರೆದರೂ ನಾಯಕನ ಪೀಠ ಸಿಗಲಿಲ್ಲ. ಅದು ಸಿಗಬೇಕು ಎಂಬುದು ನನ್ನ ವಾದ.

ಬಲ ಎಂದರೇನು ಎಂದು ತಿಳಿಯಲು ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯನ್ನು ನೋಡಿದರೆ ಸಾಕು. ಇಲ್ಲಿ ಚಿನ್ನ ತೆಗೆಯುವ ಕೆಲಸ ಸುಮಾರು ಎರಡು ಸಾವಿರ ವರ್ಷ ಹಳೆಯದು. ಬಂಡೆಗೆ ಬೆಂಕಿ ಕೊಟ್ಟು ಕಾಯಿಸಿ, ಸೀಳಿಸಿ, 600 ಅಡಿಗೂ ಆಳಕ್ಕೆ ಇಳಿದ ಆ ಕಾಲದ ಕುಳಿಗಳು ಇಲ್ಲಿ ಸಿಕ್ಕಿವೆ. ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಗುರುತಿಸಿದವರು ಚಿನ್ನ ಹುಡುಕುತ್ತ ಬಂದ ಎಂಜಿನಿಯರ್ ಸಿ. ಬೀಡನ್. ಅರಸನ ಹೆಸರು ಬಂಡೆಯ ಮೇಲೆ ಉಳಿಯಿತು. ಬಂಡೆಯೊಳಗೆ ಇಳಿದವರದು ಹೆಸರೂ ಇಲ್ಲ, ರೂಪವೂ ಇಲ್ಲ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾದ ಕಂಪನಿಯೇ ಇಂದಿನ ಹಟ್ಟಿ ಚಿನ್ನದ ಗಣಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ಇಲ್ಲಿ ಪಾಳಿ ನಿಂತಿಲ್ಲ.

ಪಾಳಿ ಮುಗಿಸಿ ಗಣಿಯ ಮಲ್ಲಪ್ಪ ಶಾಫ್ಟಿನಿಂದ ಮೇಲೆ ಬರುವವರನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಹೆಲ್ಮೆಟ್ಟಿನ ಪಟ್ಟಿ ಒತ್ತಿ ಹಣೆಯ ಮೇಲೆ ಗೆರೆ ಮೂಡಿರುತ್ತದೆ. ರೆಪ್ಪೆಯಲ್ಲಿ ಕಲ್ಲಿನ ಹಿಟ್ಟು ಕೂತಿರುತ್ತದೆ. ಡ್ರಿಲ್ ಹಿಡಿದವನ ಬೆರಳುಗಳು ಮಷಿನ್ ನಿಂತ ಮೇಲೂ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಕೆಲವರು ಒಣಕಲು, ಕೆಲವರಿಗೆ ಸಣ್ಣ ಹೊಟ್ಟೆ, ಕೆಲವರ ಬೆನ್ನು ತುಸು ಬಾಗಿದೆ. ಅಂಗಿ ಕಳಚಿದರೆ ಚಪ್ಪಾಳೆ ಬೀಳುವಂಥ ಮೈ ಅಪರೂಪ. ಆದರೆ ಭೂಮಿಯ ಹೊಟ್ಟೆಯ ಸೆಖೆಯಲ್ಲಿ ಎಂಟು ತಾಸು ಬೆಣಚುಕಲ್ಲಿನ ಎದುರು ನಿಲ್ಲಬಲ್ಲ ಮೈ ಇದೇ. ಆ ಕಲ್ಲಿನ ಧೂಳು ವರ್ಷಗಟ್ಟಲೆ ಎದೆಗಿಳಿದರೆ ಸಿಲಿಕೋಸಿಸ್ ಬರುತ್ತದೆ. ಬಲ ಮತ್ತು ಸವೆತ ಒಂದೇ ಮೈಯಲ್ಲಿ ಒಟ್ಟಿಗೆ ಇರುತ್ತವೆ.

2018ರಲ್ಲಿ ಚಿನ್ನದ ಗಣಿಯ ಹೆಸರಲ್ಲೇ ‘ಕೆ.ಜಿ.ಎಫ್’ ಸಿನಿಮಾ ಬಂದು ದೇಶವನ್ನೇ ಗೆದ್ದಿತು. ಅಲ್ಲಿ ಗಣಿಯಲ್ಲಿ ದುಡಿಯುವವರು ಹಿಂದೆ ನಿಂತ ಗುಂಪು, ನಾಯಕ ಹೊರಗಿನಿಂದ ಬಂದವನು. ಇನ್ನು ಹುಡುಗರ ಕೈಯ ಮೊಬೈಲಿಗೆ 2021ರ ಜುಲೈಯಲ್ಲಿ ಬಿ.ಜಿ.ಎಂ.ಐ. ಎಂಬ ಗೇಮ್ ಬಂತು. ಅದರಲ್ಲಿ ಮುಖ, ಕೂದಲು, ಬಟ್ಟೆ ಬದಲಿಸಬಹುದು. ಮೈಕಟ್ಟು ಮಾತ್ರ ಎಲ್ಲರಿಗೂ ಒಂದೇ ಅಚ್ಚಿನದು. ಗಣಿ ಕಾರ್ಮಿಕನ ಮಗ ಗಂಟೆಗಟ್ಟಲೆ ನಡೆಸುವ ವೀರನಿಗೆ ಅವನ ಅಪ್ಪನ ಮೈ ಎಂದೂ ಇರುವುದಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಆಟ ಆಡುವುದೇ ನಿತ್ಯದ ಬದುಕನ್ನು ಮರೆಯಲು. ಮನೆಯಲ್ಲಿ ಕಾಣುವ ಮೈಯನ್ನೇ ಅಲ್ಲೂ ಯಾಕೆ ನೋಡಬೇಕು? ಪುರಾಣದ ವೀರರೂ ಅತಿಮಾನುಷರೇ ಅಲ್ಲವೇ? ಅತಿಮಾನುಷರೇ ಹೌದು. ಆದರೆ ನಮ್ಮ ಹಿರಿಯರು ಬಲವನ್ನು ಹೇಗೆ ಕಲ್ಪಿಸಿದರು ನೋಡಿ. ಭೀಮ ಬಕಾಸುರನಿಗೆಂದು ಒಯ್ದ ಬಂಡಿ ಅನ್ನವನ್ನು ತಾನೇ ಉಂಡವನು, ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದವನು. ಉತ್ತರದ ಆ ಥಾರ್ ಕೂಡ ಒಂದು ಕಥೆಯಲ್ಲಿ ಒಂದು ಎತ್ತು, ಎಂಟು ಮೀನು ತಿಂದು ಮುಗಿಸುತ್ತಾನೆ. ಒಬ್ಬರನ್ನೊಬ್ಬರು ಅರಿಯದ ಎರಡು ಜನಪದಗಳು ಒಂದೇ ಸತ್ಯ ಕಂಡಿದ್ದವು: ಬಲಕ್ಕೆ ಅನ್ನ ಬೇಕು. ಇಂದಿನ ಸಿಕ್ಸ್ ಪ್ಯಾಕ್ ಎದ್ದು ಕಾಣುವುದು ಉಂಡಾಗ ಅಲ್ಲ, ಅನ್ನ ಬಿಟ್ಟು, ಶೂಟಿಂಗಿನ ಹಿಂದಿನ ದಿನ ನೀರನ್ನೂ ಕಡಿಮೆ ಮಾಡಿದಾಗ. ಕ್ಯಾಮೆರಾಗೆ ಬಲವಾಗಿ ಕಾಣುವ ಗಳಿಗೆಯಲ್ಲಿ ಆ ಮೈ ನಿಜವಾಗಿ ಬಳಲಿರುತ್ತದೆ.

ನಮ್ಮ ಸೀಮೆಯ ದೊಡ್ಡಾಟದಲ್ಲಿ ಭೀಮನಾಗಿ ಕುಣಿಯುವವನು ಬೆಳಗ್ಗೆ ಹೊಲದಲ್ಲಿ ದುಡಿದು ಬಂದ ಸಪೂರ ಮೈಯವನೂ ಆಗಿರಬಹುದು. ಭುಜಕೀರ್ತಿ, ಕಿರೀಟ, ದನಿ, ಹೆಜ್ಜೆ ಸೇರಿದರೆ ಊರೇ ಅವನನ್ನು ಭೀಮನೆಂದು ಒಪ್ಪುತ್ತದೆ. ಕಲ್ಪನೆಗೆ ಅಲ್ಲಿ ಯಾವ ಕೊರತೆಯೂ ಇಲ್ಲ; ಒಂದೇ ಅಳತೆಯ ಮೈ ಬೇಕೆಂಬ ಹಟ ಮಾತ್ರ ಇಲ್ಲ.

ಈ ಹಟಕ್ಕೆ ಬೆಲೆ ತೆರುವವರು ಹುಡುಗರು. ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 1964ರಿಂದ ಮಾರಾಟವಾಗುತ್ತಿದ್ದ ಜಿ.ಐ. ಜೋ ಗೊಂಬೆಗಳನ್ನು ಅಳೆದು, ದಶಕ ಕಳೆದಂತೆ ಅವುಗಳ ತೋಳು, ಎದೆ ಉಬ್ಬುತ್ತಲೇ ಹೋದದ್ದನ್ನು ತೋರಿಸಿತು. ಎಷ್ಟು ಬೆಳೆಸಿದರೂ ತನ್ನ ಮೈ ಸಣ್ಣದೇ ಎಂದು ನರಳುವ ಗಂಡಸರ ಕಾಯಿಲೆಗೆ ಹೆಸರು ಕೊಟ್ಟವರಲ್ಲಿ ಇದೇ ಪೋಪ್ ಒಬ್ಬರು. ಹೆಣ್ಣುಮಕ್ಕಳ ಮೈಯನ್ನು ಅಚ್ಚಿಗೆ ಹಾಕುವುದು ತಪ್ಪೆಂದು ಈಗೀಗ ಮಾತಾಡುತ್ತೇವೆ. ಗಂಡುಮಕ್ಕಳ ವಿಷಯಕ್ಕೆ ಮಾತ್ರ ಸುಮ್ಮನಿದ್ದೇವೆ. ದಣಿವು, ನೋವು ಹೇಳಿಕೊಳ್ಳದ ಗಂಡಸೇ ಗಂಡಸು ಎಂಬ ಹಳೆಯ ನಂಬಿಕೆ ಈ ಸುಮ್ಮನಿರುವಿಕೆಯ ಬೇರು.

ವಿಡಿಯೋ ಗೇಮಿಗೆ ಸಿನಿಮಾಕ್ಕಿಲ್ಲದ ಒಂದು ಶಕ್ತಿಯಿದೆ. ಇಲ್ಲಿ ಮೈ ಬರಿಯ ಚಿತ್ರವಲ್ಲ, ಆಟದ ನಿಯಮವೂ ಆಗಬಲ್ಲದು. 2004ರ ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ನಾಯಕ ಸಿ.ಜೆ. ಹೆಚ್ಚು ತಿಂದರೆ ದಪ್ಪಗಾಗುತ್ತಾನೆ, ಉಪವಾಸವಿದ್ದರೆ ಸೊರಗುತ್ತಾನೆ, ಜಿಮ್ಮಿಗೆ ಹೋದರೆ ಗಟ್ಟಿಯಾಗುತ್ತಾನೆ. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ರ ಆರ್ಥರ್ ಮಾರ್ಗನ್‌ಗೆ ಕ್ಷಯ ಹತ್ತುತ್ತದೆ; ಬಂದೂಕಿನಲ್ಲಿ ಪಳಗಿದ ಆ ಗಂಡಸು ಕೆಮ್ಮುತ್ತ, ಸೊರಗುತ್ತ ನಮ್ಮ ಕೈಯಲ್ಲೇ ನಡೆಯುತ್ತಾನೆ. ಆಟಗಾರರು ಅವನನ್ನು ಬಿಟ್ಟುಹೋಗಲಿಲ್ಲ, ಇನ್ನಷ್ಟು ಹಚ್ಚಿಕೊಂಡರು. ನಿಜದ ಮೈ ಆಟದ ರುಚಿ ಕೆಡಿಸುತ್ತದೆ ಎಂಬ ಭಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಎಲ್ಲ ನಾಯಕರಿಗೂ ಹೊಟ್ಟೆ ಬರಿಸಿ ಎಂದು ನಾನು ಕೇಳುತ್ತಿಲ್ಲ. ಅದೂ ಇನ್ನೊಂದು ಅಚ್ಚೇ ಆದೀತು. ಓಡುವವನು ಓಟಗಾರನಂತಿರಲಿ, ಹೊರುವವನು ಹಮಾಲನಂತಿರಲಿ, ಐವತ್ತು ದಾಟಿದವನ ಮಂಡಿ ನೋಯಲಿ. ಅವನು ಏನು ಉಂಡ, ಏನು ಮಾಡಿದ, ಏನು ಸಹಿಸಿದ ಎಂಬುದು ಅವನ ಮೈಯಲ್ಲಿ ಕಾಣಲಿ. ‘ಸ್ಯಾನ್ ಆಂಡ್ರಿಯಾಸ್’ ಮಾಡಿದ ರಾಕ್‌ಸ್ಟಾರ್ ಸಂಸ್ಥೆಯ ಸ್ಟುಡಿಯೋ ಬೆಂಗಳೂರಿನಲ್ಲೂ ಇದೆ. ಅಂಥ ಕೆಲಸ ಬಲ್ಲ ಕನ್ನಡದ ತರುಣ ತರುಣಿಯರೂ ಇದ್ದಾರೆ. ಅವರಲ್ಲಿ ಒಬ್ಬರಾದರೂ ಹಟ್ಟಿಗೆ ಬಂದು, ಪಾಳಿ ಬದಲಾಗುವ ಹೊತ್ತಿಗೆ ಶಾಫ್ಟಿನ ಬಳಿ ನಿಂತು ನೋಡಲಿ. ಅಲ್ಲಿಂದ ಬರುವವರನ್ನು ಗುಂಪಿನಲ್ಲಿ ನಿಲ್ಲಿಸದೆ ನಾಯಕರನ್ನಾಗಿ ಮಾಡಲಿ.